ಸೀಮೆಸುಣ್ಣದ ಬೆಸ್ಸಪ್ಪ

"ಮಾರಿ ನೋಡೂದಿದ್ರ ಹನ್ನೊಂದರೊಳಗ ಬರ್ರಿ ಬಾಯಾರ" ಎಂದು ನಮ್ಮ ಹಳೆಯ ಹೆಡ್‌ಮಾಸ್ತರು ಫೋನಿನಲ್ಲಿ ಹೇಳಿದರು. ಗೊಳಸಂಗಿಯಲ್ಲಿ ಇತಿಹಾಸದ ಸರ್ ತೀರಿಕೊಂಡಿದ್ದರು. ನಮ್ಮ ಕಡೆ ಮುಖಕ್ಕೆ ಮಾರಿ, ಟೀಚರಮ್ಮನಿಗೆ ಬಾಯಾರು ಎನ್ನುತ್ತಾರೆ. ಸಾವಿನ ಸುದ್ದಿಯನ್ನು ಹೀಗೆಯೇ ಹೇಳುವುದು, ಹೆಡ್‌ಮಾಸ್ತರ ಮಾತಿನಲ್ಲಿ ವಿಶೇಷವೇನೂ ಇರಲಿಲ್ಲ. ಆದರೆ ಫೋನಿಟ್ಟ ಮೇಲೆ ನಾನು ಅಡುಗೆಮನೆಯ ಕಟ್ಟೆಯ ಮೇಲೆ ಬಹಳ ಹೊತ್ತು ಕೂತುಬಿಟ್ಟೆ. ಹನ್ನೊಂದು ವರ್ಷದ ಹಿಂದೆ ಇದೇ ಹೆಡ್‌ಮಾಸ್ತರ ಕೋಣೆಗೆ ಹೋಗಿ, ಆ ಮುಖ ದಿನಾ ನನ್ನ ಕಣ್ಣಿಗೆ ಬೀಳದಂತೆ ಏನಾದರೂ ಮಾಡಿ ಎಂದು ಕೇಳಿಕೊಂಡವಳು ನಾನು.

ಇತಿಹಾಸದ ಸರ್ ನನ್ನ ಸೊಂಟಕ್ಕಿಂತ ತುಸು ಮೇಲೆ ಬರುತ್ತಿದ್ದರು. ದೊಡ್ಡ ತಲೆ, ಅಗಲವಾದ ಅಂಗೈ, ಹೊರಕ್ಕೆ ಬಾಗಿದ ಗಿಡ್ಡ ಕಾಲುಗಳು. ದನಿ ಮಾತ್ರ ಆರಡಿ ಆಳಿನದು. ಕಣ್ಣು ಮುಚ್ಚಿಕೊಂಡು ಕೇಳಿದರೆ ಯಾರೋ ಫೌಜುದಾರ ಬಂದನೆನ್ನಬೇಕು. ಬಿಳಿ ಅಂಗಿಯನ್ನು ದಿನಾ ಇಸ್ತ್ರಿ ಮಾಡಿ ಹಾಕುತ್ತಿದ್ದರು. ಹುಡುಗರು ಸಣ್ಣ ಸರ್ ಎನ್ನುತ್ತಿದ್ದರು, ಅದನ್ನು ಅವರ ಎದುರಿಗೇ ಅನ್ನುತ್ತಿದ್ದರು.

ಇಂಡಿಯಲ್ಲಿ ಏಳು ವರ್ಷ, ಸಿಂದಗಿಯಲ್ಲಿ ನಾಲ್ಕು ವರ್ಷ ಕಲಿಸಿ ನಮ್ಮ ಹೈಸ್ಕೂಲಿಗೆ ಬಂದವರು. ಬಸವನ ಬಾಗೇವಾಡಿಯಿಂದ ಅರ್ಧ ಗಂಟೆಯ ಬಸ್ಸಿನ ದಾರಿ ನಮ್ಮದು. ಮೊದಲ ದಿನ ಎಂಟನೆಯ ತರಗತಿಗೆ ಹೋದವರೇ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, "ಐದು ನಿಮಿಷ ಕೊಡ್ತೇನಿ. ನಗೂದಿದ್ರ ನಕ್ಕು ಮುಗಸ್ರಿ, ಆಮ್ಯಾಲ ಪಾಠ ಐತಿ" ಎಂದರಂತೆ. ಸ್ಟಾಫ್ ರೂಮಿಗೆ ಬಂದು ನಮಗೆ ವರದಿ ಒಪ್ಪಿಸಿದರು. "ಇಂಡ್ಯಾಗ ಪೂರಾ ಐದು ನಿಮಿಷ ನಕ್ಕಿದ್ರು. ಸಿಂದಗ್ಯಾಗ ಮೂರಕ್ಕ ಮುಗದಿತ್ತು. ಇಲ್ಲಿ ಒಂದೂವರಿ ನಿಮಿಷ. ಸಾಲಿ ಛಲೋ ಐತ್ರಿ."

ಕರಿಹಲಗೆಯ ಕೆಳಗಿನ ಅರ್ಧ ಮಾತ್ರ ಅವರ ಕೈಗೆ ಎಟುಕುತ್ತಿತ್ತು. ಬಡಿಗತನ ಮಾಡುತ್ತಿದ್ದ ಅವರಪ್ಪ ನಿಂತು ಬರೆಯಲು ಒಂದು ಮಣೆ ಮಾಡಿಕೊಟ್ಟಿದ್ದರು. ಇಂಡಿಯ ಹುಡುಗರು ಅದನ್ನು ಬಾವಿಗೆ ಎಸೆದಿದ್ದರು. ಇನ್ನೊಂದನ್ನು ಮಾಡಿಸಿಕೊಳ್ಳಲಿಲ್ಲ. "ಹಲಗಿ ಕೆಳಗಿನ ಅರ್ಧ ಯಾವ ಮಾಸ್ತರಗೂ ಬ್ಯಾಡ, ಬಗ್ಗಬೇಕಲ್ಲ ಅವರಿಗೆ. ಅದು ನನ್ನ ಹೊಲ" ಎನ್ನುತ್ತಿದ್ದರು. ಎಂಟನೆಯ ತರಗತಿಗೆ ಎರಡನೆಯ ಪೀರಿಯಡ್ ನನ್ನ ಗಣಿತ, ಮೂರನೆಯದು ಅವರ ಇತಿಹಾಸ. ಹೀಗಾಗಿ ನಾನು ಮೇಲೆ ಬರೆದದ್ದು ಹಾಗೇ ಉಳಿದಿರುತ್ತಿತ್ತು, ಕೆಳಗೆ ಅವರ ರಾಜರು ಬರುತ್ತಿದ್ದರು. ಒಂದು ದಿನ ನಾನು ಲಾಭ ನಷ್ಟದ ಲೆಕ್ಕ ಬರೆದು ಬಂದಿದ್ದೆ. ಅವರು ಕೆಳಗೆ ಕಳಿಂಗ ಯುದ್ಧ ಎಂದು ಬರೆದು, "ಮ್ಯಾಲ ಬಾಯಾರ ಲೆಕ್ಕ ನೋಡ್ರಿ, ಕೆಳಗ ನನ್ನ ಯುದ್ಧ ನೋಡ್ರಿ. ಅಶೋಕ ಗೆದ್ದ. ಇದು ಲಾಭೋ ನಷ್ಟೋ ನೀವ ಹೇಳ್ರಿ" ಎಂದರಂತೆ. ಅವತ್ತಿನ ಪಾಠವನ್ನು ಆ ಹುಡುಗರು ಇವತ್ತಿಗೂ ಮರೆತಿಲ್ಲ. ಅದೇ ದಿನದ ನನ್ನ ಲೆಕ್ಕ ಒಬ್ಬರಿಗೂ ನೆನಪಿಲ್ಲ ಎಂಬುದನ್ನು ನಾನು ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ.

ನಾವಿಬ್ಬರೂ ಒಂದೇ ಬಸ್ಸಿಗೆ ಹೋಗುವವರು. ಹೊಸದಾಗಿ ಬಂದ ಕಂಡಕ್ಟರನೊಬ್ಬ ಚೇಷ್ಟೆಗೆಂದು ಅವರಿಗೆ ಅರ್ಧ ಟಿಕೆಟ್ ಹರಿದು ಕೊಟ್ಟ. ಬಸ್ಸಿನಲ್ಲಿದ್ದವರೆಲ್ಲ ಇವರು ಸಿಟ್ಟಾಗುತ್ತಾರೆಂದು ಕಾದರು. ಇವರು ಟಿಕೆಟ್ ಇಸಿದುಕೊಂಡು ತಿರುಗಿಸಿ ನೋಡಿ, "ಅರ್ಧಾ ದಾರ್‍ಯಾಗ ಇಳಸ್ತೀ ಏನಪಾ? ಹಂಗಿದ್ರ ಮೊದಲ ಹೇಳು, ಮಕ್ಕಳ ಪರೀಕ್ಷಾ ಅದಾವ" ಎಂದರು. ಮರುದಿನದಿಂದ ಆ ಕಂಡಕ್ಟರ್ ಇವರಿಗಾಗಿ ಬಾಗಿಲ ಬಳಿಯ ಸೀಟು ಹಿಡಿದಿಡತೊಡಗಿದ.

ಈಜಿಪ್ತಿನ ಪಾಠ ಬಂದಾಗ ಅವರ ಮುಖದಲ್ಲೇ ಬೇರೆ ಕಳೆ ಇರುತ್ತಿತ್ತು. ಪುಸ್ತಕದಲ್ಲಿದ್ದ ಪಿರಮಿಡ್ಡು, ನೈಲ್ ನದಿ, ಫೇರೋಗಳನ್ನು ಹತ್ತು ನಿಮಿಷದಲ್ಲಿ ಮುಗಿಸಿ, "ಇದು ಸತ್ತವರ ಮನಿ ಆತು. ಬದುಕಿದ್ದವರ ಮನ್ಯಾಗ ಯಾವ ದೇವರಿದ್ದ, ಕೇಳ್ರಿ" ಎಂದು ಶುರು ಮಾಡುತ್ತಿದ್ದರು. ಪುಸ್ತಕದಲ್ಲಿ ಇಲ್ಲದ ದೇವರು ಅವನು. ಹೆಸರು ಬೆಸ್. ಇವರ ಬಾಯಲ್ಲಿ ಬೆಸ್ಸಪ್ಪ. ಗಿಡ್ಡ ದೇಹ, ಬಾಗಿದ ಕಾಲು, ಡೊಳ್ಳು ಹೊಟ್ಟೆ, ಸಿಂಹದ ಕಿವಿ, ಹೊರಗೆ ಚಾಚಿದ ನಾಲಿಗೆ. ರಾಜರು ಅವನಿಗೆ ದೊಡ್ಡ ಗುಡಿ ಕಟ್ಟಿಸಿದವರಲ್ಲ. ಮನೆಮನೆಯ ಜನರೇ ಮಂಚದ ಕಾಲಿನ ಮೇಲೆ, ಮಲಗುವಾಗ ತಲೆಗೆ ಕೊಡುವ ಮಣೆಯ ಮೇಲೆ, ಕನ್ನಡಿಯ ಹಿಡಿಯ ಮೇಲೆ ಅವನನ್ನು ಕೆತ್ತಿಕೊಳ್ಳುತ್ತಿದ್ದರು. ಬೆರಳುದ್ದದ ಗೊಂಬೆ ಮಾಡಿ ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರು. ಬಸುರಿಯರ, ಬಾಣಂತಿಯರ, ಹಸುಗೂಸುಗಳ ಕಾವಲುಗಾರ ಅವನು. ಬಸುರಿ ನೀರುಕುದುರೆಯ ರೂಪದ ಇನ್ನೊಬ್ಬ ದೇವತೆಯೂ ಅವನ ಜೊತೆಗಿದ್ದಳು, ಆದರೆ ಸರ್ ಅವಳನ್ನು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು.

"ಅಲ್ಲಿ ಉಳಿದ ದೇವರೆಲ್ಲಾ ಚಿತ್ರದಾಗ ಅಡ್ಡ ಮಾರಿ" ಎನ್ನುತ್ತ ಅವರು ಪಕ್ಕಕ್ಕೆ ತಿರುಗಿ ನಿಂತು ತೋರಿಸುತ್ತಿದ್ದರು. "ಇವ ಎದುರು ಮಾರಿ. ಯಾಕಂದ್ರ ಇವ ಬಾಗಲದಾಗ ನಿಂತಾವ. ಬರೂ ಕೆಟ್ಟದ್ದನ್ನ ಎದುರ ನೋಡಬೇಕು." ಆಮೇಲೆ ಸೊಂಟದ ಮೇಲೆ ಎರಡೂ ಕೈಯಿಟ್ಟು, ಮೊಣಕಾಲು ಇನ್ನಷ್ಟು ಬಾಗಿಸಿ, ಕಣ್ಣು ಕಿಸಿದು ನಾಲಿಗೆ ಚಾಚುತ್ತಿದ್ದರು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ಪಕ್ಕದ ತರಗತಿಯಲ್ಲಿ ನನ್ನ ಲೆಕ್ಕ ತಪ್ಪುತ್ತಿತ್ತು. ಇವರು ತಡೆಯುತ್ತಿರಲಿಲ್ಲ. "ನಗ್ರಿ. ಕೂಸು ನಿದ್ದ್ಯಾಗ ನಕ್ಕರ ಬೆಸ್ಸಪ್ಪ ಬಂದು ಅಣಕಸಾಕತ್ತಾನ ಅಂತಿದ್ರಂತ" ಎನ್ನುತ್ತಿದ್ದರು.

ಅವರಿಗೆ ಅವನು ಸಿಕ್ಕಿದ್ದು ಧಾರವಾಡದಲ್ಲಿ ಓದುವಾಗ, ಗ್ರಂಥಾಲಯದ ಒಂದು ದಪ್ಪ ಇಂಗ್ಲಿಷ್ ಪುಸ್ತಕದಲ್ಲಿ. "ಹಾಳಿ ತಿರುವಿದೆ. ನನ್ನ ಫೋಟೋ ಯಾರು ಹಾಕ್ಯಾರಪಾ ಇದರಾಗ ಅಂತ ಕುಂತುಬಿಟ್ಟೆ ಬಾಯಾರ" ಎಂದು ಒಮ್ಮೆ ನನಗೆ ಹೇಳಿದ್ದರು. ನಗುತ್ತಲೇ ಹೇಳಿದರು. ಆಮೇಲೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಸ್ಟಾಫ್ ರೂಮಿನಲ್ಲಿ ಅವರ ಕುರ್ಚಿ ನನ್ನ ಕುರ್ಚಿಗೆ ಎದುರು. ಬಿಡುವಿನ ಪೀರಿಯಡ್ಡಿನಲ್ಲಿ ನಾನು ಉತ್ತರ ಪತ್ರಿಕೆ ತಿದ್ದುತ್ತಿದ್ದರೆ, ಅವರು ಕಂಪಾಸ್ ಪೆಟ್ಟಿಗೆಯ ಕೈವಾರದ ಮೊನೆಯಿಂದ ಸೀಮೆಸುಣ್ಣ ಕೆತ್ತುತ್ತಿದ್ದರು. ನಾವು ಅದನ್ನು ಖಡು ಎನ್ನುತ್ತೇವೆ. ಬೆರಳುದ್ದದ ಖಡುವಿನಿಂದ ಮೊದಲು ಹೊಟ್ಟೆ ಬರುತ್ತಿತ್ತು, ಆಮೇಲೆ ಕಾಲು, ಕೊನೆಗೆ ಮುಖ. ನಾಲಿಗೆ ಕೆತ್ತುವಾಗ ಮುರಿಯುವುದೇ ಹೆಚ್ಚು. ಮುರಿದದ್ದನ್ನು ತರಗತಿಗೆ ಒಯ್ದು ಬರೆದು ಮುಗಿಸುತ್ತಿದ್ದರು, ಸರ್ಕಾರದ ಖಡು ಹಾಳಾಗಬಾರದೆಂದು.

ಇನ್ನು ನನ್ನ ವಿಷಯ ಹೇಳಬೇಕು. ಮದುವೆಯಾಗಿ ಎಂಟು ವರ್ಷದಲ್ಲಿ ಎರಡು ಸಲ ಬಸುರು ಇಳಿದಿತ್ತು, ಎರಡನೆಯದು ಆರನೆಯ ತಿಂಗಳಲ್ಲಿ. ಮೂರನೆಯ ಸಲ ನಿಂತಾಗ ಮನೆಯಲ್ಲಿ ಎಲ್ಲರೂ ಪಿಸುಮಾತಿನಲ್ಲೇ ಓಡಾಡುತ್ತಿದ್ದರು. ಅತ್ತೆ ನನ್ನ ಹಾಸಿಗೆಯ ಎದುರಿಗೆ ದುಂಡು ಗಲ್ಲದ ಬೆಳ್ಳನೆಯ ಕೂಸಿನ ಕ್ಯಾಲೆಂಡರ್ ತಂದು ಹಾಕಿದರು. ಬಸುರಿ ದಿನಾ ನೋಡಿದ ಮುಖವೇ ಕೂಸಿಗೆ ಬರುತ್ತದೆ ಎಂಬ ನಂಬಿಕೆ ನಮ್ಮ ಕಡೆ ಮನೆಮನೆಯಲ್ಲಿದೆ. ಒಂದು ಮುಂಜಾನೆ ಚಹಾ ಕೊಡುತ್ತ ಅತ್ತೆ, "ನಿಮ್ಮ ಸಾಲ್ಯಾಗ ಆ ಗಿಡ್ಡ ಮಾಸ್ತರ ಅದಾನಲ್ಲವಾ. ದಿನಾ ಅವನ ಎದುರ ಕುಂಡರಬ್ಯಾಡ" ಎಂದರು. ನಾನು ಬಿ.ಎಸ್ಸಿ. ಓದಿದವಳು. ಗಟ್ಟಿಯಾಗಿ ನಕ್ಕು, "ನಿಮ್ಮದೇನರೆ ಅತ್ತಿ" ಎಂದೆ. ಅವತ್ತು ಬಸ್ಸಿನಲ್ಲಿ ಸರ್ ಎಂದಿನಂತೆ "ಆರಾಮ ಅದೀರೇನ್ರಿ ಬಾಯಾರ" ಎಂದಾಗ ನಾನು ಕಿಟಕಿಯಾಚೆ ನೋಡುತ್ತಿದ್ದೆ.

ತಪ್ಪನ್ನು ಅತ್ತೆಯ ಮೇಲೆ ಹಾಕುವುದು ಸುಲಭ. ಹೆಡ್‌ಮಾಸ್ತರ ಕೋಣೆಗೆ ಹೋದವಳು ಅತ್ತೆಯಲ್ಲ, ನಾನು. ಫ್ಯಾನಿನ ಗಾಳಿ ಆಗುವುದಿಲ್ಲ, ಕುರ್ಚಿ ಬದಲಿಸಿ ಎಂದೆ. ಅವರು ನಂಬದೆ ನೋಡಿದಾಗ ನಿಜ ಹೇಳಿಬಿಟ್ಟೆ. ಹೆಡ್‌ಮಾಸ್ತರು ಒಳ್ಳೆಯ ಮನುಷ್ಯ, ಆದರೆ ಮಾತನ್ನು ಸುತ್ತಿ ಬಳಸಿ ಹೇಳಲು ಬಾರದು. ನನ್ನ ಕುರ್ಚಿಯ ವಿಚಾರ ಬಿಟ್ಟು, ನೇರ ಸರ್ ಅವರನ್ನೇ ಕರೆದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಮರುದಿನ ಎದುರಿನ ಕುರ್ಚಿ ಖಾಲಿ ಇತ್ತು. ಎರಡು ಕಪಾಟು, ಒಂದು ಮೇಜು ಇದ್ದ ಗ್ರಂಥಾಲಯದ ಕೋಣೆಗೆ ಅವರು ಸ್ಥಳ ಬದಲಿಸಿದ್ದರು. ಪುಸ್ತಕಗಳ ಪಟ್ಟಿ ಮಾಡಬೇಕು ಎಂದು ಎಲ್ಲರಿಗೂ ಹೇಳಿದರಂತೆ. ಬಸ್ಸಿನಲ್ಲೂ ಕಾಣಲಿಲ್ಲ. ವಾರದ ಮೇಲೆ ಕಂಡಕ್ಟರ್ ನನ್ನನ್ನೇ ಕೇಳಿದ: "ಸಣ್ಣ ಸರ್ ಯಾಕ್ರಿ ಈಗ ಏಳೂವರಿ ಗಾಡಿಗೇ ಹೊಂಟಾರ? ಅಷ್ಟ ಲಗೂ ಸಾಲಿ ಕೀಲಿನೂ ತಗದಿರಂಗಿಲ್ಲ." ನನಗೆ ಗೊತ್ತಿಲ್ಲ ಎಂದೆ. ಎರಡನೆಯ ಪೀರಿಯಡ್ ಮುಗಿಸಿ ನಾನು ಹೊರಬರುವಾಗ ಅವರು ವರಾಂಡದ ಕಂಬದ ಆಚೆ ನಿಂತಿರುತ್ತಿದ್ದರು. ಕಂಬದ ಪಕ್ಕ ಇಸ್ತ್ರಿ ಮಾಡಿದ ಬಿಳಿ ತೋಳು ಮಾತ್ರ ಕಾಣುತ್ತಿತ್ತು. ನಾನು ದಾಟಿ ಹೋದ ಮೇಲೆ ಒಳಗೆ ಹೋಗುತ್ತಿದ್ದರು. ನಾನು ಕೇಳಿದ್ದು ಕುರ್ಚಿಯಷ್ಟೇ. ಅವರು ಇಡೀ ಮುಖವನ್ನೇ ನನ್ನ ದಾರಿಯಿಂದ ತೆಗೆದಿಟ್ಟರು. ಹೀಗೆ ನಾಲ್ಕು ತಿಂಗಳು ನಡೆಯಿತು.

ಐದನೆಯ ಪೀರಿಯಡ್ಡಿಗೆ ರೇಖಾಗಣಿತಕ್ಕೆಂದು ನಾನು ಮತ್ತೆ ಎಂಟನೆಯ ತರಗತಿಗೆ ಹೋಗುತ್ತಿದ್ದೆ. ನಡುವಿನ ಪೀರಿಯಡ್ ಆಟದ್ದು, ಹಾಗಾಗಿ ಹಲಗೆಯ ಕೆಳಗೆ ಅವರ ಅಕ್ಷರ ಇನ್ನೂ ಇರುತ್ತಿತ್ತು. ಅವರನ್ನು ನೋಡದಿದ್ದರೂ ಅದನ್ನು ದಿನಾ ಓದುತ್ತಿದ್ದೆ. ಒಂದು ದಿನ ಹೋದರೆ ಮೇಲೆ ನನ್ನ ಬೀಜಗಣಿತ ಇತ್ತು, ಕೆಳಗಿನ ಅರ್ಧ ಹಸಿ ಬಟ್ಟೆಯಿಂದ ಒರೆಸಿ ಸ್ವಚ್ಛವಾಗಿತ್ತು.

"ಇವತ್ತು ಸರ್ ಬಂದಿಲ್ಲೇನು?" ಎಂದೆ.

ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಬಂದಿದ್ರಿ. ಬೆಸ್ಸಪ್ಪನ ಚಿತ್ರ ತಗದಿದ್ರಿ, ಭಾಳ ಛಂದ ಬಂದಿತ್ರಿ. ಗಂಟಿ ಹೊಡಿಯೂಕಿಂತ ಮೊದಲ ತಾವ ನೀರು ತಂದು ಒರಸಿದ್ರಿ. ಬಾಯಾರ ಬರ್ತಾರ, ಅವರು ಇದನ್ನ ನೋಡಬಾರದು ಅಂದ್ರಿ."

"ಯಾಕ ನೋಡಬಾರದಂತ?"

"ಹೇಳಲಿಲ್ರಿ." ಆಮೇಲೆ ಅವಳೇ ತಡೆಯಲಾರದೆ ಕೇಳಿದಳು, "ಅವ ಬಸುರಿದ್ದವರನ್ನ ಕಾಯೂ ದೇವರು ಅಲ್ರಿ ಬಾಯಾರ? ಮತ್ತ ನೀವ್ಯಾಕ ನೋಡಬಾರದ್ರಿ?"

ನಾನು ಹಲಗೆಯ ಕಡೆ ತಿರುಗಿದೆ. ಅವತ್ತು ತ್ರಿಕೋನವನ್ನು ಮೇಲೆಯೇ ಸಣ್ಣದಾಗಿ ಬರೆದೆ. ಒರೆಸಿದ ಜಾಗದಲ್ಲಿ ಬರೆಯುವ ಧೈರ್ಯ ಬರಲಿಲ್ಲ.

ಏಳನೆಯ ತಿಂಗಳಲ್ಲಿ ನನ್ನ ಕುಬಸದ, ಅಂದರೆ ಸೀಮಂತದ ಊಟಕ್ಕೆ ಸಾಲೆಯವರೆಲ್ಲ ಬಂದರು, ಅವರು ಬರಲಿಲ್ಲ. ಹೆರಿಗೆ ರಜೆಯ ಹಿಂದಿನ ದಿನ ನಾನು ಗ್ರಂಥಾಲಯದ ಕೋಣೆಗೆ ಹೋದೆ. ಹೆಜ್ಜೆಯ ಸಪ್ಪಳದಿಂದಲೇ ನಾನೆಂದು ತಿಳಿಯಿತೇನೋ, ಕುರ್ಚಿಯಿಂದ ಇಳಿದು ಕಪಾಟಿನ ಕಡೆ ಮುಖ ಮಾಡಿ ನಿಂತರು. "ಅಲ್ಲೇ ನಿಂದರ್ರಿ ಬಾಯಾರ."

"ಈ ಕಡಿ ತಿರುಗ್ರಿ ಸರ್. ನಾ ಅದನ್ನೆಲ್ಲಾ ನಂಬಂಗಿಲ್ಲ."

"ನಾನೂ ನಂಬಂಗಿಲ್ರಿ" ಎಂದರು, ಕಪಾಟಿನ ಪುಸ್ತಕಗಳಿಗೆ ಹೇಳುವವರಂತೆ. "ಆದ್ರ ಎರಡು ಸಲ ಹೋಗ್ಯಾವ. ದೇವರ ದಯೆ, ಏನೂ ಆಗಂಗಿಲ್ಲ. ಆದ್ರ ಏನರ ಆತಂದ್ರ, ನೀವು ಎಷ್ಟ ಓದಿದ್ರೂ ನನ್ನ ಮಾರಿ ನೆನಸ್ತೀರಿ. ಸಾಯೂತನಾ ನೆನಸ್ತೀರಿ. ಅದೊಂದು ನನಗ ಬ್ಯಾಡ್ರಿ."

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ತಪ್ಪಾಯಿತು ಎನ್ನಲೆಂದೇ ಬಂದಿದ್ದೆ. ಅದರ ಬದಲು ಬಾಯಿಗೆ ಬಂದದ್ದು ಬೇರೆ. "ನಿಮ್ಮ ಮಾರಿ ತೋರಸೂದಿಲ್ಲಂದ್ರ ಬಿಡ್ರಿ. ಬೆಸ್ಸಪ್ಪನ್ನರ ಕೊಡ್ರಿ."

"ಹಡದ ಮ್ಯಾಲ ಕೊಡ್ತೇನಿ."

"ಅವ ಹಡಿಯೂ ಮುಂದ ಇರಬೇಕಂತಲ್ರಿ. ಹುಡುಗ್ಯಾರು ನಿಮ್ಮ ಪಾಠ ಬಾಯಿಪಾಠ ಒಪ್ಪಿಸ್ಯಾರ."

ಆಗ ಆ ಬೆನ್ನು ಅಲುಗಿತು. ನಗುತ್ತಿದ್ದರು ಎಂದುಕೊಂಡೆ. ಅಂಗಿಯ ಕಿಸೆಯಿಂದ ಕಾಗದದ ಪೊಟ್ಟಣವೊಂದನ್ನು ತೆಗೆದು, ತಿರುಗದೆಯೇ ಕೈಯನ್ನು ಹಿಂದಕ್ಕೆ ಚಾಚಿದರು. ಕೇಳಿದರೆ ಕೊಡೋಣ ಎಂದು ಎಷ್ಟು ದಿನದಿಂದ ಇಟ್ಟುಕೊಂಡಿದ್ದರೋ. ಬಿಚ್ಚಿದರೆ ಅದೇ ಖಡುವಿನ ಗೊಂಬೆ, ಈ ಸಲ ನಾಲಿಗೆ ಮುರಿದಿರಲಿಲ್ಲ.

ವಿಜಾಪುರದ ಆಸ್ಪತ್ರೆಯಲ್ಲಿ ಹದಿನಾಲ್ಕು ತಾಸು ಬೇನೆ ತಿಂದೆ. ಗೊಂಬೆ ನನ್ನ ಮುಷ್ಟಿಯಲ್ಲಿತ್ತು. ಕೂಸು ಅತ್ತಾಗ ಮುಷ್ಟಿ ಬಿಚ್ಚಿದರೆ ಬೆವರಿನಲ್ಲಿ ಕರಗಿ, ಅಂಗೈಯ ಗೆರೆಗಳಲ್ಲಿ ಬಿಳಿ ಹಿಟ್ಟು ಮಾತ್ರ ಉಳಿದಿತ್ತು. ನನ್ನ ಮಗಳು ಉಳಿದದ್ದು ಡಾಕ್ಟರಮ್ಮನ ಇಂಜೆಕ್ಷನ್ನಿನಿಂದ, ಅದು ನನಗೆ ಚೆನ್ನಾಗಿ ಗೊತ್ತು. ಆದರೂ ಎರಡು ದಿನ ಆ ಕೈ ತೊಳೆಯಲಿಲ್ಲ.

ತಿಂಗಳ ಕೂಸು ನಿದ್ದೆಯಲ್ಲಿ ನಕ್ಕಾಗ ಅತ್ತೆ, "ಶೆಟಗೆವ್ವ ನಗಸಾಕತ್ತಾಳ ನೋಡು" ಎಂದರು. ಐದನೆಯ ದಿನ ಬಂದು ಕೂಸಿನ ಹಣೆಬರಹ ಬರೆಯುವವಳು ಶೆಟಗೆವ್ವ. ನಾನು ಬೆಸ್ಸಪ್ಪನ ಕತೆಯನ್ನೂ ಮುಷ್ಟಿಯ ಗೊಂಬೆಯ ಕತೆಯನ್ನೂ ಒಂದೂ ಬಿಡದೆ ಹೇಳಿದೆ. ಅತ್ತೆ ತೊಟ್ಟಿಲು ತೂಗುವುದನ್ನು ನಿಲ್ಲಿಸಿದರು. "ಹಂಗಿದ್ರ ಆ ಮಾಸ್ತರಗ ನಾವು ಭಾಳ ತಪ್ಪು ಮಾಡಿದ್ವಿ. ಕೂಸಿನ ಒಯ್ದು ತೋರಸಿಕೊಂಡು ಬಾ" ಎಂದರು. ಓದದ ಅತ್ತೆಗೆ ಒಂದೇ ಉಸಿರಿಗೆ ಬಂದ ಮಾತು ನನಗೆ ಬಂದಿರಲಿಲ್ಲ.

ರಜೆ ಮುಗಿಸಿ ಹೋದಾಗ ಅವರಿರಲಿಲ್ಲ. ಕೇಳಿಕೊಂಡು ಮುದ್ದೇಬಿಹಾಳಕ್ಕೆ ವರ್ಗ ಮಾಡಿಸಿಕೊಂಡಿದ್ದರು. ಇವತ್ತು ಹೋಗೋಣ, ನಾಳೆ ಹೋಗೋಣ ಎನ್ನುತ್ತ ಮೂರು ವರ್ಷ ಕಳೆದೆ. ತಾಳಿಕೋಟೆಯ ಮದುವೆಗೆ ಹೋಗುವಾಗ ಬಸ್ಸು ಬದಲಿಸಲೆಂದು ಮುದ್ದೇಬಿಹಾಳದಲ್ಲಿ ಇಳಿದರೆ, ನಿಲ್ದಾಣದಲ್ಲಿ ಅವರೇ ನಿಂತಿದ್ದರು. ನನ್ನನ್ನು ಕಂಡೊಡನೆ ಗೋಡೆಯ ಕಡೆ ತಿರುಗಿ ಬಸ್ಸಿನ ವೇಳಾಪಟ್ಟಿ ನೋಡತೊಡಗಿದರು. ಪಟ್ಟಿ ಎಷ್ಟು ಎತ್ತರದಲ್ಲಿತ್ತೆಂದರೆ ಅವರಿಗೆ ಒಂದಕ್ಷರವೂ ಕಾಣುವಂತಿರಲಿಲ್ಲ.

"ಸರ್, ಇನ್ನೂ ಯಾಕ್ರಿ?" ಎಂದೆ.

"ಮತ್ತ ಏನರ ವಿಶೇಷ ಇರ್ತದೋ ಏನೋ ಅಂತ್ರಿ" ಎಂದರು ಗೋಡೆಗೆ.

ನನ್ನ ಕೈ ಬಿಡಿಸಿಕೊಂಡ ಮಗಳು ಅವರನ್ನು ಸುತ್ತು ಹಾಕಿ, ಗೋಡೆಗೂ ಅವರಿಗೂ ನಡುವೆ ಹೋಗಿ ನಿಂತು ಮುಖವನ್ನೇ ನೋಡಿದಳು. ಅವರಿಗೆ ತಿರುಗಲು ಜಾಗ ಉಳಿಯಲಿಲ್ಲ. ಅವಳ ನಗು ಕೇಳಿಸಿತು. ಅವರ ಕೈ ಸೊಂಟದ ಮೇಲೆ ಬಂದಿದ್ದವು, ಮೊಣಕಾಲು ಬಾಗಿದ್ದವು. ನಾಲಿಗೆಯನ್ನು ನಾನು ನೋಡಲಿಲ್ಲ, ಅದು ಅವಳಿಗಾಗಿ ಇತ್ತು. ನಿಲ್ದಾಣದ ಮಂದಿ ನೋಡುತ್ತಿದ್ದರು. ಅಷ್ಟರಲ್ಲಿ ತಾಳಿಕೋಟೆಯ ಬಸ್ಸು ಬಂದು ನೂಕುನುಗ್ಗಲು ಶುರುವಾಯಿತು. ಅವರೇ ಜನರನ್ನು ಸರಿಸಿ ನಮ್ಮನ್ನು ಹತ್ತಿಸಿದರು, ಮುಖ ಅಡ್ಡ ಹಿಡಿದುಕೊಂಡೇ. ಕಿಟಕಿಯಿಂದ ನನಗೆ ಕಂಡದ್ದು ಒಂದು ಕಿವಿ, ಅರ್ಧ ಗಲ್ಲ. ತಪ್ಪಾಯಿತು ಎಂಬ ಮಾತನ್ನು ಅವತ್ತೂ ಆಡಲಿಲ್ಲ. ಮತ್ತೆ ಅವರನ್ನು ನೋಡಲಿಲ್ಲ.

ಗೊಳಸಂಗಿ ಮುಟ್ಟಿದಾಗ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಮಗಳು ತಾನೂ ಬರುತ್ತೇನೆಂದು ಹಟ ಹಿಡಿದು ಬಂದಿದ್ದಳು. ಅಂಗಳದಲ್ಲಿ ಇಂಡಿಯ, ಸಿಂದಗಿಯ ಹಳೆಯ ವಿದ್ಯಾರ್ಥಿಗಳು ಗುಂಪುಗುಂಪಾಗಿ ನಿಂತಿದ್ದರು. ಹೊರಡಿಸುವ ತಯಾರಿ ಮುಗಿದು ಮುಖಕ್ಕೆ ಬಟ್ಟೆ ಹೊದಿಸಿ ಆಗಿತ್ತು. ಸರ್ ಅವರ ತಂಗಿ ನನ್ನನ್ನು, ಆಮೇಲೆ ಮಗಳನ್ನು ನೋಡಿದರು. "ಗಣಿತದ ಬಾಯಾರು ನೀವ ಏನ್ರಿ? ಈಕಿ ನಕ್ಕಿದ್ದನ್ನ ಭಾಳ ಹೇಳತಿದ್ದ ನಮ್ಮಣ್ಣ" ಎಂದು, ಯಾರನ್ನೂ ಕೇಳದೆ ಬಟ್ಟೆ ಸರಿಸಿದರು.

ಹನ್ನೊಂದು ವರ್ಷದ ಮೇಲೆ ಆ ಮುಖ ನನಗೆ ಎದುರಾಗಿತ್ತು. ಅಗಲವಾದ ಹಣೆ, ದಪ್ಪ ಹುಬ್ಬು, ಕನ್ನಡಕವಿಲ್ಲದ ಮುಚ್ಚಿದ ಕಣ್ಣು.

"ಇವರ ಏನವಾ, ನಾಲಿಗಿ ತಗದಿದ್ದ ಅಜ್ಜ?" ಎಂದು ಮಗಳು ಕಿವಿಯಲ್ಲಿ ಕೇಳಿದಳು.

ಹೌದೆಂದೆ. ಬಗ್ಗಿ, ಆ ಮುಖದ ಹತ್ತಿರ ಹೋಗಿ, ಆಡಬೇಕಾಗಿದ್ದ ಮಾತನ್ನು ಆಡಿದೆ.

"ಸರೀರಿ ಬಾಯಾರ, ಹಿಂದ ಭಾಳ ಮಂದಿ ನಿಂತಾರ. ಹೊತ್ತಾತು" ಎಂದು ಯಾರೋ ಹೇಳಿದರು. ಇನ್ನೊಮ್ಮೆ ಹೇಳಿದರು. ನಾನು ಸರಿಯಲಿಲ್ಲ, ನೋಡುತ್ತಲೇ ಇದ್ದೆ.